ಓದುಗರ ಪ್ರಶ್ನೆ: ಟೇಬಲ್ ಅಂಚು ಸವರೋಕೆ ಯಾವ ಬಿಟ್, ಹೆಂಗೆ ಓಡಿಸೋದು?

ಹೋದ ಸಂಚಿಕೆಯಲ್ಲಿ ಮನೇಲೇ ಸ್ಟಡಿ ಟೇಬಲ್ ಮಾಡ್ಕೊಳ್ಳೋದರ ಬಗ್ಗೆ ಬರೆದಿದ್ದೆ, ಆಮೇಲೆ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಅಂಚಿನದ್ದೇ. ಅದಕ್ಕೆ ಈ ಸಲ ಪೂರ್ತಿ ಟ್ರಿಮ್ಮರ್, ರೌಟರ್ ಬಿಟ್‌ಗಳಿಗೇ ಇಟ್ಟಿದ್ದೀನಿ. ಟ್ರಿಮ್ಮರ್ ಅಂದ್ರೆ ಅಂಚು ಸವರೋ ಸಣ್ಣ ಕೈ ಮೆಷಿನ್, ರೌಟರ್ ಅದರ ದೊಡ್ಡಣ್ಣ, ಬಿಟ್ ಅಂದ್ರೆ ಅದಕ್ಕೆ ಹಾಕೋ, ತಿರುಗಿ ಕತ್ತರಿಸೋ ಅಲಗಿನ ಕಡ್ಡಿ.

ಪ್ರಶ್ನೆ: ಸರ್, 19 ಎಂಎಂ ಪ್ಲೈವುಡ್‌ಗೆ 1 ಎಂಎಂ ಮೈಕಾ ಅಂಟಿಸಿ ಐದೂವರೆ ಅಡಿ ಉದ್ದದ ಟೇಬಲ್ ಮಾಡಿದೆ, ಅಂಚಿಗೂ ಅದೇ ಮೈಕಾ. ಟ್ರಿಮ್ಮರ್‌ಗೆ ಬೇರಿಂಗ್ ಇರೋ ಬಿಟ್ ಹಾಕಿ ಓಡಿಸಿದ್ರೆ ಕೆಲವು ಕಡೆ ನೀಟಾಗಿ ಬಂತು, ಕೆಲವು ಕಡೆ ಅಲೆ ಅಲೆ, ಒಂದು ಮೂಲೇಲಿ ಉಗುರಿನಷ್ಟು ಚಕ್ಕೆ ಹಾರೋಯ್ತು. ಬಿಟ್ ಕಡಿಮೆ ಬೆಲೇದು ಅಂತ ಹಿಂಗಾಯ್ತಾ? ಯಾವುದು ತಗೋಬೇಕು? (ಓದುಗರು, ಶಿವಮೊಗ್ಗ)

ಉತ್ತರ: ಬಿಟ್‌ನ ಬೈಯೋಕೆ ಮುಂಚೆ ಒಂದು ಕೆಲಸ ಮಾಡಿ. ಅಲೆ ಬಂದಿರೋ ಜಾಗದಲ್ಲಿ, ಆ ಅಂಚಿನ ಕೆಳಗೆ ಬೇರಿಂಗ್ ಓಡಿದ ದಾರಿ ಮೇಲೆ ಬೆರಳು ಸವರಿ ನೋಡಿ, ಕಣ್ಣು ಮುಚ್ಕೊಂಡು ನೋಡಿದ್ರೆ ಇನ್ನೂ ಚೆನ್ನಾಗಿ ಗೊತ್ತಾಗುತ್ತೆ. ಅಲ್ಲೊಂದು ಫೆವಿಕಾಲ್ ಗಂಟು ಒಣಗಿರುತ್ತೆ, ಇಲ್ಲ ಗರಗಸ ಅಲ್ಲಾಡಿ ಪ್ಲೈ ಅಂಚೇ ಡೊಂಕಾಗಿರುತ್ತೆ, ಇಲ್ಲ ಪ್ಲೈ ಒಳಗಡೆ ಒಂದು ಪದರ ಖಾಲಿ ಇದ್ದು ಮೈಕಾ ಅಲ್ಲಿ ಒಳಕ್ಕೆ ಕೂತಿರುತ್ತೆ. ಫ್ಲಶ್ ಟ್ರಿಮ್ ಬಿಟ್‌ಗೆ, ಅಂದ್ರೆ ನೀವು ಹಾಕಿದ ಬೇರಿಂಗ್ ಬಿಟ್‌ಗೆ, ಸ್ವಂತ ಬುದ್ಧಿ ಇಲ್ಲ, ತುದೀಲಿರೋ ಬೇರಿಂಗ್ ಎಲ್ಲಿ ಉರುಳುತ್ತೋ ಅದೇ ರೇಖೇಲಿ ಮೇಲಿರೋದನ್ನ ಕತ್ತರಿಸುತ್ತೆ, ಕೆಳಗಡೆ ಅರ್ಧ ಎಂಎಂ ಉಬ್ಬು ಇದ್ರೆ ಮೇಲೂ ಅರ್ಧ ಎಂಎಂ ಉಬ್ಬು. ಎಷ್ಟು ದುಬಾರಿ ಬಿಟ್ ತಂದ್ರೂ ಇಷ್ಟೇ. ನನ್ನ ಹತ್ರ ಕೆಲಸ ಕಲಿಯೋಕೆ ಬರೋ ಹುಡುಗರಿಗೆ ಮೊದಲನೇ ದಿನ ನಾನು ಟ್ರಿಮ್ಮರ್ ಕೊಡೋದೇ ಇಲ್ಲ, ಕೀಸುಳಿ ಕೊಟ್ಟು ಪ್ಲೈ ಅಂಚು ನೇರ ಮಾಡಿಸ್ತೀನಿ, ಯಾಕಂದ್ರೆ ಅಂಚಿನ ಕೆಲಸ ಮುಕ್ಕಾಲು ಪಾಲು ಅಲ್ಲೇ ಮುಗಿದಿರುತ್ತೆ.

ಇನ್ನು ಬಿಟ್ ವಿಷಯ. ಅಂಗಡೀಲಿ 'ಟಿಸಿಟಿ ಬಿಟ್' ಅಂತ ಕೇಳಿ, ಅಂದ್ರೆ ಅಲಗಿಗೆ ಕಾರ್ಬೈಡ್ ಅನ್ನೋ ತುಂಬಾ ಗಟ್ಟಿ ವಸ್ತು ಕೂರಿಸಿರೋದು. ಬರೀ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್ ಅನ್ನೋ ಉಕ್ಕು) ಬಿಟ್ ಮೈಕಾಗೆ ಬೇಡವೇ ಬೇಡ, ಮೈಕಾದಲ್ಲಿರೋ ಮೆಲಮೈನ್, ಫೀನಾಲಿಕ್ ರಾಳ ಗಟ್ಟಿ, ಅದರ ಜೊತೆ ಪ್ಲೈವುಡ್ಡಿನ ಅಂಟು ಬೇರೆ, ಎರಡು ಟೇಬಲ್ ಆಗೋದ್ರೊಳಗೆ ಎಚ್‌ಎಸ್‌ಎಸ್ ಅಲಗು ಮೊಂಡಾಗಿ ಕತ್ತರಿಸೋ ಬದಲು ಸುಡೋಕೆ ಶುರು ಮಾಡುತ್ತೆ. ಎರಡು ಅಲಗು, 12.7 ಎಂಎಂ ವ್ಯಾಸ, 25 ಎಂಎಂ ಅಲಗಿನ ಉದ್ದ, ತುದೀಲಿ ಬೇರಿಂಗ್, ಮನೆಕೆಲಸಕ್ಕೆ ಇದೊಂದು ಸಾಕು. ಬೇರಿಂಗ್ ಇಲ್ಲದೆ ತುದೀಲಿ ಬರೀ ಉಕ್ಕಿನ ಮೊಳೆ ಥರ ಇರೋ ಬಿಟ್ ಕೂಡ ಸಿಗುತ್ತೆ, ತಗೋಬೇಡಿ, ಆ ಮೊಳೆ ಬಿಟ್ ಜೊತೇಲೇ ಗಿರಗಿರ ತಿರುಗಿ ಅಂಚಿನ ಮೈಕಾನ ಉಜ್ಜಿ ಕಪ್ಪು ಮಾಡುತ್ತೆ.

ಮೂಲೇಲಿ ಚಕ್ಕೆ ಹಾರಿದ್ದಕ್ಕೆ ನನಗೆ ಕಾಣೋ ಕಾರಣ ಎರಡು. ಒಂದು, ಮೈಕಾ ಜಾಸ್ತಿ ಹೊರಗೆ ಚಾಚಿರಬೇಕು. ಹತ್ತು ಹನ್ನೆರಡು ಎಂಎಂ ಬಿಟ್ರೆ ಅದು ಗಾಳೀಲಿ ಅದುರುತ್ತೆ, ಅದುರಿದ್ದು ಸೀಳುತ್ತೆ, ಅದಕ್ಕೆ ಅಂಟಿಸೋ ಮುಂಚೇನೇ 3-4 ಎಂಎಂ ಮಾತ್ರ ಉಳಿಯೋ ಹಾಗೆ ಕಟ್ ಮಾಡ್ಕೊಳ್ಳಿ. ಎರಡನೇದು, ಮೂಲೆ ಹತ್ರ ಬಂದಾಗ ಟ್ರಿಮ್ಮರ್ ಬೇಸ್‌ನ ಮುಕ್ಕಾಲು ಭಾಗ ಟೇಬಲ್ ಬಿಟ್ಟು ಹೊರಗೆ ಹೋಗಿ ಮೆಷಿನ್ ಮಗುಚುತ್ತೆ, ಒಂದು ಕೂದಲೆಳೆ ಮಗುಚಿದ್ರೂ ಅಲಗು ಒಳಗೆ ಕಚ್ಚುತ್ತೆ. ಟೇಬಲ್ ಕಡೆ ಇರೋ ಬೇಸ್ ಮೇಲೆ ಅಂಗೈ ಒತ್ತಿ ಹಿಡೀರಿ, ಹೊರಗಡೆ ಇರೋ ಭಾಗದ ಮೇಲೆ ಭಾರ ಹಾಕ್ಬೇಡಿ.

ಅಂಟಿಸೋ ಕ್ರಮಾನೂ ಹೇಳಿಬಿಡ್ತೀನಿ. ಮೊದಲು ಅಂಚಿನ ಪಟ್ಟಿ, ಅದನ್ನ ಮೇಲಿನ ಪ್ಲೈ ಮಟ್ಟಕ್ಕೆ ಸವರಬೇಕು, ಆಮೇಲೆ ಮೇಲಿನ ಶೀಟು, ಅದು ಅಂಚಿನ ಪಟ್ಟಿಯ ತಲೆ ಮೇಲೆ ಹೊದ್ಕೊಳ್ಳಬೇಕು. ಹಂಗಾದ್ರೆ ಮೇಲಿಂದ ಜಾಯಿಂಟ್ ಕಾಣಲ್ಲ, ಚೆಲ್ಲಿದ ನೀರು ಸೀದಾ ಪ್ಲೈ ಒಳಗೆ ಇಳಿಯಲ್ಲ. ಮೇಲಿನ ಶೀಟ್ ಸವರುವಾಗ ಬೇರಿಂಗ್ ಓಡೋದು ಅಂಚಿನ ಮೈಕಾ ಮೇಲೇ ಅಲ್ವಾ, ಅಲ್ಲೊಂದು ಮಾಸ್ಕಿಂಗ್ ಟೇಪ್ ಅಂಟಿಸ್ಕೊಳ್ಳಿ, ಗೀರು ಬೀಳಲ್ಲ. ಟೇಪಿನ ದಪ್ಪದಷ್ಟು ಮೈಕಾ ಉಳಿಯುತ್ತೆ, ಪರವಾಗಿಲ್ಲ, ಅದನ್ನ ಅರ ಹಾಕಿ ತೆಗೀಬೋದು. ಅರ ಮುಂದಕ್ಕೆ, ಟೇಬಲ್ ಕಡೆಗೆ ಒತ್ತೋವಾಗ ಮಾತ್ರ ಕತ್ತರಿಸಲಿ, ವಾಪಸ್ ಎಳೆಯೋವಾಗ ಎತ್ತಿಬಿಡಿ, ಎಳೆದ್ರೆ ಮೈಕಾ ಅಂಟು ಬಿಟ್ಟು ಚಕ್ಕೆ ಏಳುತ್ತೆ. ಕೊನೇಗೆ ಅಂಚು ಚಾಕು ಥರ ಚೂಪಾಗಿರುತ್ತೆ, ಮಕ್ಕಳ ಟೇಬಲ್ ಆದ್ರೆ ಬೆವೆಲ್ ಬಿಟ್ (ಅಂಚನ್ನ ಓರೆಯಾಗಿ ಕತ್ತರಿಸೋದು) ಹಾಕಿ ಒಂದ್ಸಲ ಹಗುರವಾಗಿ ಎಳೆದು ಆ ಚೂಪು ಮುರೀರಿ. ಇದನ್ನ ದಯವಿಟ್ಟು ಮರೀಬೇಡಿ, ಹೊಸ ಮೈಕಾ ಅಂಚಿಗೆ ಮುಂಗೈ ಕೊಯ್ಕೊಂಡಿರೋ ಮಕ್ಕಳನ್ನ ನಾನು ನೋಡಿದ್ದೀನಿ.

ಪ್ರಶ್ನೆ: ನನ್ನ ಟ್ರಿಮ್ಮರಿನಲ್ಲಿ ಬಿಟ್ ಎಷ್ಟು ಟೈಟ್ ಮಾಡಿದ್ರೂ ಕೆಲಸ ಮಾಡ್ತಾ ಮಾಡ್ತಾ ಕೆಳಗೆ ಜಾರುತ್ತೆ. ಅಂಗಡಿಯವರು ಮೆಷಿನ್ ಹಾಳಾಗಿದೆ ಅಂತಾರೆ. (ಓದುಗರು, ತಿಪಟೂರು)

ಉತ್ತರ: ಮೆಷಿನ್ ಬದಲಾಯಿಸೋಕೆ ಹೋಗ್ಬೇಡಿ, ಮೊದಲು ಬಿಟ್‌ನ ಕಡ್ಡಿ, ಅಂದ್ರೆ ಮೆಷಿನ್ ಒಳಗೆ ಕೂರೋ ಭಾಗ, ಅಳೀರಿ. ನಮ್ಮಲ್ಲಿ ಸಿಗೋ ಸಣ್ಣ ಟ್ರಿಮ್ಮರ್‌ಗಳು ಎರಡು ಥರ, ಕೆಲವಕ್ಕೆ 6 ಎಂಎಂ ಕಾಲೆಟ್ (ಬಿಟ್‌ನ ಕಡ್ಡಿ ಕಚ್ಚಿ ಹಿಡಿಯೋ ಸೀಳುಕೊಳವೆ), ಕೆಲವಕ್ಕೆ ಕಾಲಿಂಚು, ಕಾಲಿಂಚು ಅಂದ್ರೆ 6.35 ಎಂಎಂ. ಅಂಗಡೀಲಿ ಎರಡನ್ನೂ 'ಆರರ ಬಿಟ್' ಅಂತಾನೇ ಕೊಡ್ತಾರೆ. 6.35ರ ಕಾಲೆಟ್‌ನಲ್ಲಿ 6ರ ಕಡ್ಡಿ ಹಾಕಿ ಸ್ಪ್ಯಾನರ್‌ನಲ್ಲಿ ಜೋರಾಗಿ ತಿರುಗಿಸಿದ್ರೆ ಹಿಡಿದ ಹಾಗೇ ಅನ್ಸುತ್ತೆ, ಆದ್ರೆ ಕಾಲೆಟ್ ಪೂರ್ತಿ ಅಪ್ಪಿರಲ್ಲ, ಒಂದೆರಡು ಕಡೆ ಮಾತ್ರ ಚಿಮುಟಿರುತ್ತೆ. ನಿಮಿಷಕ್ಕೆ ಸುಮಾರು 30,000 ಸುತ್ತು ತಿರುಗೋ ಮೆಷಿನ್ ಇದು, ಅಂಥದ್ರಲ್ಲಿ ಬಿಟ್ ಸಡಿಲ ಆದ್ರೆ ಟೇಬಲ್ ಹಾಳಾಗೋದು ಆಮೇಲಿನ ಮಾತು, ಮೊದಲು ನಿಮ್ಮ ಕೈ ಕಣ್ಣು. ವರ್ನಿಯರ್ ಇಲ್ದಿದ್ರೆ ಅಂಗಡೀಲೇ ಅಳೆಸಿ, ಕಾಲೆಟ್ ಮೇಲೆ ಬರೆದಿರೋದನ್ನೂ ಓದಿ.

ಅಳತೆ ಸರಿಯಿದ್ದೂ ಜಾರಿದ್ರೆ ಇನ್ನೊಂದು ಕಾರಣ ಇದೆ, ಇದು ನನಗೇ ಆಗಿರೋದು. ಕೆಲಸಕ್ಕೆ ಸೇರಿದ ಎರಡನೇ ವರ್ಷ, ಒಬ್ಬರ ಮನೇಲಿ ಊಟದ ಟೇಬಲ್ಲಿನ ಅಂಚು ಸವರ್ತಾ ಇದ್ದೆ, ಬಿಟ್ ತಳ ಮುಟ್ಟೋವರೆಗೂ ಕಾಲೆಟ್ ಒಳಗೆ ತೂರಿಸಿ ಟೈಟ್ ಮಾಡಿದ್ದೆ, ಅದೇ ಭದ್ರ ಅಂದ್ಕೊಂಡಿದ್ದೆ. ನಾಲ್ಕು ಅಡಿ ಚೆನ್ನಾಗೇ ಹೋಯ್ತು, ಆಮೇಲೆ ಶಬ್ದ ಬದಲಾಯ್ತು, ನಾನು ನಿಲ್ಲಿಸೋದ್ರೊಳಗೆ ಬೇರಿಂಗ್ ಅಂಚಿನ ಪಟ್ಟಿಯಿಂದ ಕೆಳಗಿಳಿದು ಅಲಗು ಪಟ್ಟಿ ಒಳಗೆ ಒಂದು ಗೇಣು ಉದ್ದ ಹಳ್ಳ ತೋಡಿತ್ತು. ಕಾಲೆಟ್ ನಟ್ ತಿರುಗಿಸಿದಾಗ ಕಾಲೆಟ್ ಸ್ವಲ್ಪ ಒಳಕ್ಕೆ ಸರಿಯುತ್ತೆ, ಬಿಟ್ ಆಗ್ಲೇ ತಳ ಮುಟ್ಟಿದ್ರೆ ಅದಕ್ಕೆ ಜೊತೆಗೆ ಸರಿಯೋಕೆ ಜಾಗ ಇರಲ್ಲ, ಹಿಡಿತ ಅರ್ಧಂಬರ್ಧ ಆಗುತ್ತೆ. ಹಾಗಾಗಿ ಪೂರ್ತಿ ಒಳಗೆ ಹಾಕಿ ಆಮೇಲೆ 2-3 ಎಂಎಂ ಹೊರಗೆ ಎಳೆದು ಟೈಟ್ ಮಾಡಿ. ಕಡ್ಡಿ ಅಲಗಿಗೆ ಸೇರೋ ಕಡೆ ಸ್ವಲ್ಪ ದಪ್ಪ ಆಗಿರುತ್ತಲ್ಲ, ಆ ದಪ್ಪ ಭಾಗ ಕಾಲೆಟ್ ಒಳಗೆ ಹೋಗಬಾರದು. ಕಾಲೆಟ್ ಸೀಳುಗಳಲ್ಲಿ ಮರದ ಪುಡಿ ತುಂಬಿದ್ರೆ ಹಳೇ ಟೂತ್‌ಬ್ರಷ್‌ನಲ್ಲಿ ತೆಗೀರಿ. ಇಷ್ಟೆಲ್ಲಾ ಮಾಡೋವಾಗ ಪ್ಲಗ್ ಗೋಡೆಯಿಂದ ಕಿತ್ತಿರಲಿ, ಸ್ವಿಚ್ ಆಫ್ ಮಾಡಿದ್ದೀನಿ ಅನ್ನೋದು ಸಾಲದು.

ಪ್ರಶ್ನೆ: ಸರ, ನಮ್ಮ ಅಂಗಡ್ಯಾಗ ಒಬ್ಬರು ಟ್ರಿಮ್ಮರ್ ಎಡಕ್ಕಿಂದ ಬಲಕ್ಕ ಒಯ್ಯಬೇಕಂತಾರ, ಇನ್ನೊಬ್ಬರು ಬಲಕ್ಕಿಂದ ಎಡಕ್ಕ ಒಯ್ದರ ಸಾಫ್ ಬರ್ತದ ಅಂತಾರ. ಯಾವುದು ಖರೇ ರೀ? (ಓದುಗರು, ಹುಬ್ಬಳ್ಳಿ)

ಉತ್ತರ: ಮೊದಲನೆಯವರು ಹೇಳಿದ್ದೇ ಖರೇ. ಮೇಲಿಂದ ನೋಡಿದ್ರೆ ಬಿಟ್ ಗಡಿಯಾರದ ಮುಳ್ಳಿನ ಥರ ತಿರುಗುತ್ತೆ. ನೀವು ಅಂಚಿಗೆ ಮುಖ ಮಾಡಿ ನಿಂತು ಎಡದಿಂದ ಬಲಕ್ಕೆ ಹೋದ್ರೆ ಮರ ನಿಮ್ಮನ್ನ ವಾಪಸ್ ತಳ್ಳುತ್ತೆ, ಆ ತಳ್ಳೋದೇ ನಿಮಗೆ ಹಿಡಿತ. ಬಲದಿಂದ ಎಡಕ್ಕೆ ಹೋದ್ರೆ ಅಲಗು ಮರ ಹತ್ತಿ ಓಡೋಕೆ ನೋಡುತ್ತೆ, ಮೆಷಿನ್ ಕೈಯಿಂದ ಎಳ್ಕೊಂಡು ಹೋಗುತ್ತೆ. ನೆನಪಿಗೆ ಸುಲಭದ ದಾರಿ ಒಂದಿದೆ: ಟೇಬಲ್ಲಿನ ಹೊರ ಅಂಚು ಸುತ್ತೋವಾಗ ಅಪ್ರದಕ್ಷಿಣೆ, ಸಿಂಕ್‌ಗೋ ವೈರ್‌ಗೋ ಅಂತ ಮಧ್ಯ ತೂತು ಮಾಡಿ ಅದರ ಒಳ ಅಂಚು ಸವರೋವಾಗ ಪ್ರದಕ್ಷಿಣೆ.

ಎರಡನೆಯವರ ಮಾತಲ್ಲೂ ಸ್ವಲ್ಪ ಸತ್ಯ ಇದೆ, ಉಲ್ಟಾ ಓಡಿಸಿದ್ರೆ ಚಕ್ಕೆ ಏಳೋದು ಕಡಿಮೆ. ಅನುಭವ ಇರೋ ಆಚಾರಿಗಳು ಮರದ ಎಳೆ ಕೆಟ್ಟದಾಗಿ ತಿರುಗಿರೋ ಜಾಗದಲ್ಲಿ ಅರ್ಧ ಎಂಎಂ ಮಾತ್ರ ಉಳಿಸ್ಕೊಂಡು ಸಣ್ಣ ಟ್ರಿಮ್ಮರಿನಲ್ಲಿ ಹಾಗೆ ಮಾಡೋದುಂಟು. ಹೊಸಬರಿಗೆ ಬೇಡ, ದೊಡ್ಡ ರೌಟರಿನಲ್ಲಂತೂ ಯಾರಿಗೂ ಬೇಡ.

ಪ್ರಶ್ನೆ: ಹಳೇ ಮನೆ ಕೆಡವಿದಾಗ ಸಿಕ್ಕಿದ ಹಲಸಿನ ಹಲಗೆಯಿಂದ ಅಡುಗೆಮನೆಗೆ ತರಕಾರಿ ಹೆಚ್ಚೋ ಕಟ್ಟೆ ಮಾಡಿಸ್ತಾ ಇದ್ದೇವೆ. ಅಂಚು ರೌಂಡ್ ಮಾಡೋವಾಗ ಕಪ್ಪು ಕಪ್ಪು ಸುಟ್ಟ ಗುರುತು, ಮೂಲೆಗಳಲ್ಲಿ ಮರ ಸಿಗಿದು ಬಂತು. (ಓದುಗರು, ಪುತ್ತೂರು)

ಉತ್ತರ: ಒಳ್ಳೇ ಮರ ಅದು, ಹಳೇ ಹಲಸು ಒಣಗಿ ಹದವಾಗಿರುತ್ತೆ, ಅದನ್ನ ಸುಡೋದು ನೋಡಿದ್ರೆ ಬೇಜಾರಾಗುತ್ತೆ. ಸುಟ್ಟ ಗುರುತು ಬರೋದು ಬಿಟ್ ಒಂದೇ ಜಾಗದಲ್ಲಿ ಜಾಸ್ತಿ ಹೊತ್ತು ತಿರುಗಿದಾಗ. ಹೆದರಿಕೊಂಡು ತೀರಾ ನಿಧಾನ ಎಳೆಯೋದು, ಮಧ್ಯ ನಿಲ್ಸಿ ಕೈ ಬದಲಾಯಿಸೋದು, ಮೂಲೇಲಿ ಯೋಚನೆ ಮಾಡ್ತಾ ನಿಲ್ಲೋದು, ಇವೆಲ್ಲ ಸುಡೋ ಕೆಲಸ. ಶುರು ಮಾಡೋ ಮುಂಚೆ ಮೆಷಿನ್ ಆಫ್ ಇಟ್ಕೊಂಡೇ ಆ ಅಂಚಿನುದ್ದಕ್ಕೂ ಒಂದ್ಸಲ ನಡೆದು ನೋಡಿ, ವೈರ್ ಎಲ್ಲಿ ಸಿಕ್ಕಾಕೊಳ್ಳುತ್ತೆ, ಕಾಲು ಎಲ್ಲಿ ಇಡಬೇಕು ಗೊತ್ತಾಗುತ್ತೆ, ಆಮೇಲೆ ಒಂದೇ ಓಟದಲ್ಲಿ ಮುಗಿಸಬೋದು. ಜೊತೆಗೆ ಬಿಟ್ ಅಲಗಿನ ಬೆನ್ನಲ್ಲಿ ಕಂದು ಬಣ್ಣದ ಜಿಡ್ಡು ಕೂತಿದ್ಯಾ ನೋಡಿ. ಮರದ ಅಂಟು ಅಲ್ಲಿ ಸುಟ್ಟು ಗಟ್ಟಿಯಾಗಿರುತ್ತೆ, ಎಷ್ಟೋ ಸಲ ಬಿಟ್ ಮೊಂಡಾಗಿದೆ ಅಂತ ಬಿಸಾಕೋರು ಅದನ್ನ ಸೀಮೆಎಣ್ಣೆ ಬಟ್ಟೇಲಿ ಒರೆಸಿದ್ರೆ ಸಾಕಾಗಿರುತ್ತೆ. ಸಾಗುವಾನಿ ಕೆಲಸ ಮಾಡೋರಿಗೆ ಇನ್ನೊಂದು ಮಾತು, ಆ ಮರದಲ್ಲಿ ಸಿಲಿಕಾ ಅಂಶ ಇರುತ್ತೆ, ಅಲಗು ಬೇಗ ಸವೆಯುತ್ತೆ, ಕಾರ್ಬೈಡ್ ಬಿಟ್ಟು ಬೇರೆ ಯೋಚನೆ ಮಾಡ್ಬೇಡಿ.

ಒಂದೇ ಸಲಕ್ಕೆ ಪೂರ್ತಿ ರೌಂಡ್ ತೆಗೀಬೇಡಿ. 6 ಎಂಎಂ ರೌಂಡ್ ಬೇಕಿದ್ರೆ ಸಣ್ಣ ಟ್ರಿಮ್ಮರಿನಲ್ಲಿ ಎರಡು ಮೂರು ಸಲ ಬಿಟ್ ಇಳಿಸ್ತಾ ಹೋಗಿ, ಕೊನೇ ಸಲ ಅರ್ಧ ಎಂಎಂನಷ್ಟೇ ಉಳಿದಿರಲಿ, ಅದು ಸುಟ್ಟಿದ್ದನ್ನೂ ತೆಗೆದು ನುಣ್ಣಗೆ ಮಾಡುತ್ತೆ.

ಮೂಲೆ ಸಿಗಿಯೋದಕ್ಕೆ ಕಾರಣ ನೀವು ಅಂಚುಗಳನ್ನ ಮಾಡಿದ ಕ್ರಮ. ಹಲಗೆಯ ಅಗಲದ ಎರಡು ತುದಿ, ಅಂದ್ರೆ ಮರದ ಎಳೆ ಕತ್ತರಿಸಿರೋ ಕಡೆ, ಮೊದಲು ಮಾಡಿ. ಅಲ್ಲಿ ಬಿಟ್ ಹೊರಗೆ ಬರೋ ಮೂಲೇಲಿ ಹಿಂದೆ ಆಸರೆ ಇಲ್ಲದೆ ಎಳೆ ಕಿತ್ಕೊಂಡು ಬರುತ್ತೆ, ಬರಲಿ, ಆಮೇಲೆ ಉದ್ದದ ಅಂಚು ಮಾಡೋವಾಗ ಆ ಸಣ್ಣ ಸಿಗಿತ ಕತ್ತರಿಸಿ ಹೋಗುತ್ತೆ. ಜಾಸ್ತಿ ಸಿಗಿಯುತ್ತೆ ಅನ್ಸಿದ್ರೆ ಆ ಮೂಲೆಗೆ ಒಂದು ರೀಪರ್ ತುಂಡು ಒತ್ತಿ ಕ್ಲ್ಯಾಂಪ್ ಹಾಕಿ, ಸಿಗಿದ್ರೆ ರೀಪರ್ ಸಿಗಿಯಲಿ. ಆಮೇಲೆ ಹಳೇ ಮನೆ ಮರ ಅಂದ್ರಲ್ಲ, ಮುರಿದು ಒಳಗೇ ಉಳಿದ ಮೊಳೆ ಇದ್ಯಾ ಅಂತ ಮೊದಲು ಒಂದು ಅಯಸ್ಕಾಂತ ಅಂಚಿನುದ್ದಕ್ಕೂ ಆಡಿಸಿ ನೋಡಿ. ಕಾರ್ಬೈಡ್ ಮೊಳೆಗೆ ತಾಗಿದ್ರೆ ಮೊಂಡಾಗಲ್ಲ, ಚೂರಾಗಿ ಹಾರುತ್ತೆ.

ಪ್ರಶ್ನೆ: ಅಡುಗೆಮನೆ ಗ್ರಾನೈಟ್ ಕಟ್ಟೆಯ ಅಂಚು ಚೂಪಾಗಿದೆ, ನನ್ನ ಹತ್ರ ಇರೋ ರೌಂಡ್ ಬಿಟ್‌ನಲ್ಲೇ ಮಾಡ್ಕೋಬೋದಾ? (ಓದುಗರು, ಹಾಸನ)

ಉತ್ತರ: ಖಂಡಿತ ಬೇಡ. ಮರದ ಬಿಟ್ ಕಲ್ಲಿಗೆ ತಾಗಿದ ಕ್ಷಣ ಅಲಗು ಸಿಡಿಯುತ್ತೆ. ಕಲ್ಲಿಗೆ ಡೈಮಂಡ್ ಕಲ್ಲು ಹಾಕಿದ ಗ್ರೈಂಡರ್, ಮೇಲಿಂದ ನೀರು, ಗ್ರಾನೈಟ್ ಕೆಲಸದವರನ್ನೇ ಕರೆಸಿ 'ಹಾಫ್ ರೌಂಡ್ ಮಾಡಿ ಪಾಲಿಷ್ ಕೊಡಿ' ಅಂದ್ರೆ ಅವರಿಗೆ ಗೊತ್ತಾಗುತ್ತೆ. ನೀರಿಲ್ಲದೆ ಒಣ ಕಲ್ಲು ಉಜ್ಜೋಕೆ ಬಿಡ್ಬೇಡಿ, ಆ ಪುಡಿ ಶ್ವಾಸಕೋಶಕ್ಕೆ ತುಂಬಾ ಕೆಟ್ಟದ್ದು.

ಪ್ರಶ್ನೆ: ಬೇರಿಂಗ್ ತುದೀಲಿರೋ ಬಿಟ್, ಬುಡದಲ್ಲಿರೋ ಬಿಟ್, ಎರಡಕ್ಕೂ ಏನು ವ್ಯತ್ಯಾಸ? ಟೇಬಲ್ ಮೂಲೆ ದುಂಡಗೆ ಮಾಡ್ಬೇಕು. (ಓದುಗರು, ದಾವಣಗೆರೆ)

ಉತ್ತರ: ತುದಿ ಬೇರಿಂಗ್ ಕೆಳಗಿರೋದನ್ನ ನೋಡ್ಕೊಂಡು ಮೇಲಿರೋದನ್ನ ಕತ್ತರಿಸುತ್ತೆ, ಬುಡದ ಬೇರಿಂಗ್ ಮೇಲಿರೋದನ್ನ ನೋಡ್ಕೊಂಡು ಕೆಳಗಿರೋದನ್ನ. ನಿಮ್ಮ ಕೆಲಸಕ್ಕೆ ಬುಡದ್ದೇ ಸರಿ. 12 ಎಂಎಂ ಎಂಡಿಎಫ್ ತುಂಡಿನಲ್ಲಿ ಬೇಕಾದ ದುಂಡು ಒಂದ್ಸಲ ಗೀಚಿ ಕತ್ತರಿಸಿ, ಸ್ಯಾಂಡ್ ಪೇಪರ್‌ನಲ್ಲಿ ಒಂದು ಗಂಟೆ ಹೋದ್ರೂ ಹೋಗಲಿ ಸರಿಯಾಗಿ ನುಣ್ಣಗೆ ಮಾಡಿ, ಅದೇ ನಿಮ್ಮ ಅಚ್ಚು. ಅದನ್ನ ಟೇಬಲ್ ಮೂಲೆ ಮೇಲೆ ಕ್ಲ್ಯಾಂಪ್ ಮಾಡಿ, ಜಾಸ್ತಿ ಇರೋ ಮರ ಜಿಗ್‌ಸಾದಲ್ಲಿ ತೆಗೆದು 2 ಎಂಎಂ ಮಾತ್ರ ಉಳಿಸಿ, ಆಮೇಲೆ ಬಿಟ್. ನಾಲ್ಕು ಮೂಲೆಗೂ ಅದೊಂದೇ ಅಚ್ಚು, ನಾಲ್ಕೂ ಒಂದೇ ಥರ ಬರುತ್ತೆ. ಅಚ್ಚಿನಲ್ಲಿ ಒಂದು ತಗ್ಗಿದ್ರೆ ಅದೂ ನಾಲ್ಕು ಮೂಲೆಗೆ ಬರುತ್ತೆ, ಅದಕ್ಕೇ ಆ ಒಂದು ಗಂಟೆ ಹೇಳಿದ್ದು.

ಪ್ರಶ್ನೆ: ನಾವು ಇಂಗ್ಲೆಂಡಿನಲ್ಲಿದ್ದೇವೆ, ಇಲ್ಲಿ ಅಡುಗೆಮನೆ ಕಟ್ಟೆ ಅಂದ್ರೆ 40 ಎಂಎಂ ದಪ್ಪದ ಲ್ಯಾಮಿನೇಟ್ ಚಿಪ್‌ಬೋರ್ಡ್, ಮುಂದಿನ ಅಂಚು ದುಂಡಗೆ ಮಡಚಿರುತ್ತೆ. ಕೆಲಸದವರ ಕೂಲಿ ಕೊಡೋಕಾಗದೆ ಮೂಲೆ ಜಾಯಿಂಟ್ ನಾವೇ ಮಾಡೋಣ ಅಂತ. ಊರಿಂದ ತಂದ ಟ್ರಿಮ್ಮರ್ ಇದೆ, ಸಾಕಾ? (ಓದುಗರು, ರೀಡಿಂಗ್)

ಉತ್ತರ: ಸಾಲದು. ಅದಕ್ಕೆ ಅರ್ಧ ಇಂಚು, ಅಂದ್ರೆ 12.7 ಎಂಎಂ ಕಾಲೆಟ್ ಇರೋ ದೊಡ್ಡ ಪ್ಲಂಜ್ ರೌಟರ್ (ತಿರುಗ್ತಾ ಇರೋ ಬಿಟ್‌ನ ಮೇಲಿಂದ ಕೆಳಗೆ ಇಳಿಸೋ ಥರದ್ದು) ಬೇಕು, ಅಲ್ಲಿ ಅದನ್ನ ಬಾಡಿಗೆಗೂ ಕೊಡ್ತಾರೆ. 12.7 ಎಂಎಂ ವ್ಯಾಸದ, 50 ಎಂಎಂ ಅಲಗಿನ ನೇರ ಬಿಟ್, ವರ್ಕ್‌ಟಾಪ್ ಜಿಗ್ (ರೌಟರಿಗೆ ದಾರಿ ತೋರಿಸೋ ಅಚ್ಚು ಹಲಗೆ), ಅದಕ್ಕೆ ಹೊಂದೋ 30 ಎಂಎಂ ಗೈಡ್ ಬುಷ್ (ರೌಟರ್ ಬೇಸ್‌ಗೆ ಹಾಕೋ ಬಳೆ). ಇಲ್ಲಿ ಬೇರಿಂಗ್ ಕೆಲಸ ಆ ಬುಷ್ ಮಾಡುತ್ತೆ, ಜಿಗ್ ಅಂಚಿಗೆ ಒತ್ಕೊಂಡೇ ಇರಬೇಕು. ಒಂದೇ ಸಲ 40 ಎಂಎಂ ಇಳಿಸಬೇಡಿ, ಒಂದೊಂದ್ಸಲಕ್ಕೆ 6-8 ಎಂಎಂ, ಎಲ್ಲಾ ಮುಗಿದ ಮೇಲೆ ಪೂರ್ತಿ ಆಳಕ್ಕೆ ಇಳಿಸಿ ಒಂದು ಹಗುರ ಓಟ.

ಬಹಳ ಮುಖ್ಯವಾದದ್ದು, ಬಿಟ್ ಯಾವಾಗ್ಲೂ ದುಂಡಗೆ ಮಡಚಿರೋ ಮುಂದಿನ ಅಂಚಿನ ಕಡೆಯಿಂದ ಒಳಗೆ ಹೋಗಬೇಕು, ಹಿಂದೆ ಗೋಡೆ ಕಡೆಯಿಂದ ಹೊರಗೆ ಬರಬೇಕು. ಉಲ್ಟಾ ಮಾಡಿದ್ರೆ ಎಲ್ಲರ ಕಣ್ಣಿಗೆ ಬೀಳೋ ಜಾಗದಲ್ಲೇ ಚಕ್ಕೆ ಹಾರುತ್ತೆ. ಎಡಗೈ ಜಾಯಿಂಟೋ ಬಲಗೈ ಜಾಯಿಂಟೋ ನೋಡ್ಕೊಂಡು ಕೆಲವು ಸಲ ಹಲಗೆ ಮಗುಚಿ ಹಾಕಿ ಕತ್ತರಿಸಬೇಕಾಗೋದು ಇದಕ್ಕೇ. ಚಿಪ್‌ಬೋರ್ಡ್ ಬಿಟ್‌ನ ಬೇಗ ತಿನ್ನುತ್ತೆ, ಹೊಸ ಬಿಟ್‌ನಿಂದ್ಲೇ ಶುರು ಮಾಡಿ, ನಿಜವಾದ ಕಟ್ಟೆಗೆ ಮುಂಚೆ ಉಳಿದ ತುಂಡಿನ ಮೇಲೆ ಒಂದು ಜಾಯಿಂಟ್ ಪೂರ್ತಿ ಮಾಡಿ ನೋಡಿ. ಕತ್ತರಿಸಿದ ಮೈಗೆ ನೀರು ಹೋಗದ ಹಾಗೆ ಸೀಲೆಂಟ್ ಬಳಿದು ಆಮೇಲೆ ಬೋಲ್ಟ್ ಬಿಗೀರಿ, ನೀರು ಕುಡಿದ ಚಿಪ್‌ಬೋರ್ಡ್ ಉಬ್ಬಿದ್ರೆ ವಾಪಸ್ ಇಳಿಯಲ್ಲ.

ಪ್ರಶ್ನೆ: ಅಣ್ಣ, ನಾನು ಮನೇಲಿ ಸಣ್ಣ ಸಣ್ಣ ಶೆಲ್ಫ್ ಮಾಡಿ ಮಾರ್ತೀನಿ. ಒಂದೇ ಟ್ರಿಮ್ ಬಿಟ್ ವರ್ಷದಿಂದ ಬಳಸ್ತಾ ಇದ್ದೀನಿ, ಈಗೀಗ ಮೈಕಾ ಒಂದು ಗೆರೆಯಷ್ಟು ಉಳಿಯುತ್ತೆ. ಸಾಣೆ ಹಿಡಿಸಲಾ, ಹೊಸದು ತಗೊಳ್ಳಲಾ? (ಓದುಗರು, ಮೈಸೂರು)

ಉತ್ತರ: ತಂಗಿ, ಬಿಟ್‌ನ ಬೆಳಕಿಗೆ ಹಿಡಿದು ನೋಡಮ್ಮ, 25 ಎಂಎಂ ಅಲಗಿನಲ್ಲಿ ಒಂದೇ ಒಂದು ಜಾಗದಲ್ಲಿ, ಮೈಕಾ ದಪ್ಪದಷ್ಟು ಸಣ್ಣ ಕಚ್ಚು ಬಿದ್ದಿರುತ್ತೆ. ಯಾವಾಗ್ಲೂ ಒಂದೇ ಎತ್ತರಕ್ಕೆ ಬಿಟ್ ಇಟ್ರೆ ಮೈಕಾ ಅದೇ ಒಂದು ಎಂಎಂನ ಸವೆಸುತ್ತೆ, ಉಳಿದ ಅಲಗು ಹೊಸದರ ಹಾಗೇ ಇರುತ್ತೆ. ಬಿಟ್ ಎತ್ತರ ಒಂದೂವರೆ ಎರಡು ಎಂಎಂ ಬದಲಾಯಿಸಿ ಓಡಿಸಿ ನೋಡು, ಬೇರಿಂಗ್ ಮಾತ್ರ ಅಂಚಿನ ಮೇಲೇ ಇರಬೇಕು. ಬಹುಶಃ ಇನ್ನೂ ಒಂದಷ್ಟು ತಿಂಗಳು ಬರುತ್ತೆ.

ಸಾಣೆ ಮಾತ್ರ ಬೇಡ. ಸಾಣೆ ಹಿಡಿದ್ರೆ ಅಲಗಿನ ವ್ಯಾಸ ಕಡಿಮೆಯಾಗುತ್ತೆ, ಬೇರಿಂಗ್ 12.7 ಹಾಗೇ ಇರುತ್ತೆ, ಆಗ ಯಾವಾಗ್ಲೂ ಆ ವ್ಯತ್ಯಾಸದ ಅರ್ಧದಷ್ಟು ಮೈಕಾ ಉಳೀತಾನೇ ಹೋಗುತ್ತೆ. ಬೇರಿಂಗ್‌ನೂ ಬೆರಳಲ್ಲಿ ತಿರುಗಿಸಿ ನೋಡು, ಫೆವಿಕಾಲ್ ಮೆತ್ಕೊಂಡು ಅದರ ಸುತ್ತಳತೆ ದಪ್ಪ ಆಗಿದ್ರೂ ಇದೇ ತೊಂದರೆ. ಬಟ್ಟೆಗೆ ಸ್ವಲ್ಪ ಥಿನ್ನರ್ ಹಾಕಿ ಹೊರಮೈ ಒರೆಸು, ಥಿನ್ನರ್‌ನಲ್ಲಿ ಮುಳುಗಿಸಿ ಇಡಬೇಡ, ಒಳಗಿನ ಗ್ರೀಸ್ ಕರಗಿ ಹೋದ್ರೆ ಬೇರಿಂಗ್ ಕಿರುಚೋಕೆ ಶುರು ಮಾಡಿ ಕೊನೇಗೆ ಕಚ್ಕೊಂಡು ನಿಲ್ಲುತ್ತೆ, ನಿಂತ ಬೇರಿಂಗ್ ಅಂಚನ್ನ ಸುಡುತ್ತೆ. ಕರಕರ ಅಂದ್ರೆ ಬೇರಿಂಗ್ ಒಂದನ್ನೇ ಬದಲಾಯಿಸಬೋದು, ತುದೀಲಿರೋ ಸಣ್ಣ ಸ್ಕ್ರೂ ಅಲೆನ್ ಕೀನಲ್ಲಿ ಬಿಚ್ಚಿದ್ರೆ ಆಯ್ತು. ಹೊರ ವ್ಯಾಸ 12.7, ಒಳತೂತು ಸಾಮಾನ್ಯವಾಗಿ 4.76 ಎಂಎಂ ಇರುತ್ತೆ, ಆದ್ರೂ ಅಂಗಡಿಗೆ ಹೋಗೋವಾಗ ಹಳೇದನ್ನ ಬಿಟ್ ಸಮೇತ ತಗೊಂಡು ಹೋಗು, ಅಲ್ಲೇ ಕೂರಿಸಿ ನೋಡಿ ತಾ.